ಬರೀ ಗ್ಯಾಸ್ಟ್ರಿಕ್ಕು

ನಮ್ಮ ಬೆಂಗಳೂರಿನಲ್ಲಿ ಯಾರಿಗೂ ವಾಂತಿಭೇದಿ ಆಗುವುದಿಲ್ಲ. ಆಗುವುದೆಲ್ಲ ಗ್ಯಾಸ್ಟ್ರಿಕ್ಕು. ಎದೆ ಉರಿದರೆ ಗ್ಯಾಸ್ಟ್ರಿಕ್ಕು, ತಲೆ ಸುತ್ತಿದರೆ ಗ್ಯಾಸ್ಟ್ರಿಕ್ಕು, ಬೆನ್ನು ಹಿಡಿದುಕೊಂಡರೆ ಗ್ಯಾಸು ಬೆನ್ನಿಗೆ ಹೋಗಿ ಕೂತಿದೆ. ಬೆಳಗಿನಿಂದ ಏಳು ಸಲ ಬಾತ್‌ರೂಮಿಗೆ ಓಡಿದವರನ್ನು ಏನಾಯಿತೆಂದು ಕೇಳಿ ನೋಡಿ, "ಏನಿಲ್ಲ, ಬರೀ ಗ್ಯಾಸ್ಟ್ರಿಕ್ಕು" ಎನ್ನುತ್ತಾರೆ. ಈ ಮಾತು ಕೇಳಿದರೆ ನನಗೆ ಮೈ ಉರಿಯುತ್ತದೆ. ಜನರ ಹೊಟ್ಟೆ ಕೆಡಿಸುವ ವೈರಸ್ಸುಗಳೇ ನನ್ನ ಹೊಟ್ಟೆಪಾಡು.

ಕೆ.ಆರ್. ಪುರಂ ಕಡೆಯ ಒಂದು ಲ್ಯಾಬಿನಲ್ಲಿ ಬಹಳ ವರ್ಷಗಳಿಂದ ಕೆಲಸ ಮಾಡುತ್ತಿದ್ದೇನೆ. ಹೊಟ್ಟೆ ಕೆಟ್ಟವರ ಮಲದ ಬಾಟಲಿಗಳು ನಮ್ಮಲ್ಲಿಗೆ ಬರುತ್ತವೆ. ಅದರೊಳಗಿನ ವೈರಸ್ಸನ್ನು ಹಿಡಿದು, ಅದರ ವಂಶವಾಹಿಯ ಅಕ್ಷರಗಳನ್ನು ಮೆಷಿನ್ನಿನಲ್ಲಿ ಓದಿಸಿ, ಇದು ಯಾರ ಮಗ, ಯಾರ ಮೊಮ್ಮಗ, ಯಾರ ಕಡೆಯ ನೆಂಟ ಎಂದು ಕೊಂಬೆ ಕೊಂಬೆಯಾಗಿ ಮರದ ಚಿತ್ರ ಬರೆಯುತ್ತೇವೆ. ನಮ್ಮ ಅತ್ತೆ ಹಲಸೂರಿನ ಹಳೇ ಮನೆತನದವರು. ಒಂದು ಕಾಲಕ್ಕೆ ಹೊಲ ಉತ್ತವರು, ಈಗ ಮನೆ ಬಾಡಿಗೆಗೆ ಕೊಟ್ಟವರು. ನೆಂಟರ ಮುಂದೆ "ನಮ್ಮ ಸೊಸೆ ವಿಜ್ಞಾನಿ" ಎಂದು ಬೀಗುತ್ತಾರೆ. "ಏನ್ ಪರೀಕ್ಷೆ ಮಾಡ್ತಾಳೆ?" ಎಂದು ಯಾರಾದರೂ ಕೇಳಿದರೆ ಮಾತ್ರ "ಎಲ್ಲಾನೂ ಮಾಡ್ತಾಳೆ, ಕಾಫಿ ತಗೊಳ್ಳಿ" ಎಂದು ಲೋಟ ಮುಂದೆ ತಳ್ಳುತ್ತಾರೆ.

ಆ ಭಾನುವಾರ ನಮ್ಮ ಮೈದುನನ ಮಗುವಿಗೆ ಕಿವಿ ಚುಚ್ಚುವ ಶಾಸ್ತ್ರ. ಮನೆಯ ಮಹಡಿ ಮೇಲೆ ಶಾಮಿಯಾನ, ಕೆಳಗೆ ಹಿತ್ತಲಿನಲ್ಲಿ ಬಿರಿಯಾನಿ. ನಮ್ಮ ಮನೆಯಲ್ಲಿ ಬಿರಿಯಾನಿ ಎಂದರೆ ಖಾಲಾ. ಉರ್ದುವಿನಲ್ಲಿ ಖಾಲಾ ಎಂದರೆ ಚಿಕ್ಕಮ್ಮ, ನಮ್ಮ ಮನೆಯವರೆಲ್ಲ ಅವರನ್ನು ಕರೆಯುವುದೇ ಹಾಗೆ. ಶಿವಾಜಿನಗರದವರು, ಅತ್ತೆಯ ಓರಗೆಯವರು. ಇಬ್ಬರೂ ಚೊಚ್ಚಲ ಹೆರಿಗೆಗೆ ಒಂದೇ ಆಸ್ಪತ್ರೆಯಲ್ಲಿ ಪಕ್ಕಪಕ್ಕದ ಮಂಚದಲ್ಲಿ ಮಲಗಿದ್ದರಂತೆ. ಆಗ ಶುರುವಾದ ಮಾತು ಇನ್ನೂ ಮುಗಿದಿಲ್ಲ. ಇಬ್ಬರು ಸೊಸೆಯರನ್ನು ಕಟ್ಟಿಕೊಂಡು, ದೇಗ್ ಎನ್ನುವ ದೊಡ್ಡ ದೊಡ್ಡ ಹಂಡೆಗಳನ್ನು ಆಟೋದಲ್ಲಿ ಹೇರಿಕೊಂಡು ಬಂದು, ಸೆರಗು ಸೊಂಟಕ್ಕೆ ಸಿಕ್ಕಿಸಿ ನಿಂತರೆ ಹಿತ್ತಲೇ ತುಂಬಿಹೋಗುತ್ತದೆ. ಅಳತೆ ಗಿಳತೆ ಏನೂ ಇಲ್ಲ. ಕುದಿಯುವ ಎಸರಿನ ಮುಂದೆ ನಿಂತು ಅಂಗೈ ತುಂಬ ಉಪ್ಪು ತೆಗೆದು, ಬೆರಳಲ್ಲಿ ಸ್ವಲ್ಪ ಉದುರಿಸಿ, ಮಿಕ್ಕಿದ್ದನ್ನು ಬೀಸಿ ಹಾಕುತ್ತಾರೆ. ರುಚಿ ನೋಡುವುದೂ ಇಲ್ಲ. ಒಂದು ದಿನವೂ ಉಪ್ಪು ಹೆಚ್ಚು ಕಡಿಮೆ ಆದದ್ದಿಲ್ಲ. ಎಲ್ಲರೂ ಹೇಳುವುದು ಒಂದೇ ಮಾತು: ಖಾಲಾ ಕೈಗುಣ.

ನನ್ನ ಪಾಲಿಗೆ ಬಂದದ್ದು ಮೊಸರುಬಜ್ಜಿ. ಹಸಿ ಈರುಳ್ಳಿ, ಸೌತೆಕಾಯಿ, ಕೊತ್ತಂಬರಿ ಹೆಚ್ಚಿ ಮೊಸರಿಗೆ ಕಲಸುವ ಕೆಲಸ. ಅದರ ಜೊತೆಗೆ ನಾನೇ ವಹಿಸಿಕೊಂಡ ಇನ್ನೊಂದು ಕೆಲಸವೂ ಇತ್ತು. ಬಂದ ನೆಂಟರನ್ನೆಲ್ಲ ಬಾಗಿಲಲ್ಲೇ ನಿಲ್ಲಿಸಿ ಕೈಗೆ ಸ್ಯಾನಿಟೈಸರ್ ಹಾಕಿಸುವುದು. ಗುರುವಾರ ನನಗೂ ಸ್ವಲ್ಪ ಗ್ಯಾಸ್ಟ್ರಿಕ್ ಆಗಿ, ಇಂದಿರಾನಗರದಲ್ಲಿ ಮೆಟ್ರೋ ಇಳಿದು ಒಂದು ನಿಂಬೆಹಣ್ಣಿನ ಸೋಡಾ ಕುಡಿದಿದ್ದೆ. ಅದೆಲ್ಲ ಶುಕ್ರವಾರಕ್ಕೇ ಸರಿಹೋಗಿತ್ತು. ಕಿವಿ ಚುಚ್ಚುವ ಕೆಲಸಕ್ಕಾಗಿ ಓಡಾಡಿ, ಹೊತ್ತು ಹೊತ್ತಿಗೆ ತಿನ್ನದೆ ಆದದ್ದು ಅಷ್ಟೇ. ಹೇಳುವಂಥದ್ದೇನೂ ಇರಲಿಲ್ಲ.

ಊಟ ಭರ್ಜರಿಯಾಯಿತು. ಅತ್ತೆ ಬಿರಿಯಾನಿಯನ್ನು ಎರಡು ಸಲ ಹಾಕಿಸಿಕೊಂಡರು. ಮೊಸರು ಶೀತ ಎಂದು ಅವರು ಮೊಸರುಬಜ್ಜಿಯ ಕಡೆ ತಿರುಗಿಯೂ ನೋಡುವುದಿಲ್ಲ. ಚಿಕ್ಕಮಾವ, ಅಂದರೆ ಅತ್ತೆಯ ಮೈದುನ, ಸರ್ವಜ್ಞನಗರದಿಂದ ಬಂದಿದ್ದರು. ಡಾಕ್ಟರ್ ಹೆದರಿಸಿದ ಮೇಲೆ ಅವರು ಮಾಂಸ ಬಿಟ್ಟವರು. ಬಿಟ್ಟದ್ದನ್ನು ದಿನಕ್ಕೆ ಹತ್ತು ಜನಕ್ಕೆ ಹೇಳುವವರು. ಬಿರಿಯಾನಿಯ ಕಡೆ ಮೂಗು ತಿರುಗಿಸಿ ಕೂತು ಅನ್ನ, ಬೇಳೆಸಾರು ತಿಂದರು. ಆ ಸಂಕಟಕ್ಕೆ ನನ್ನ ಮೊಸರುಬಜ್ಜಿಯನ್ನು ಮೂರು ಸೌಟು ಹಾಕಿಸಿಕೊಂಡರು. "ಏನಮ್ಮಾ, ನಿನ್ನ ಕೈಗುಣಾನೂ ಕಮ್ಮಿ ಇಲ್ಲ" ಎಂದರು. ನಾನು ಹಿಗ್ಗಿದೆ.

ಸೋಮವಾರ ಸಂಜೆಯಿಂದ ಫೋನು ಶುರುವಾಯಿತು. ಮೈದುನನಿಗೆ ವಾಂತಿ. ಅವನ ಹೆಂಡತಿಗೆ ಭೇದಿ. ನಾದಿನಿಗೆ ಎರಡೂ. ಎಲ್ಲರಿಗಿಂತ ಜೋರಾಗಿ ಮಲಗಿದವರು ಚಿಕ್ಕಮಾವ. ಫೋನಿನಲ್ಲಿ ನರಳುತ್ತಲೇ ತೀರ್ಪು ಕೊಟ್ಟರು: "ಮಟನ್ನೇ ಕಣಮ್ಮಾ. ಕೆಟ್ಟಿತ್ತು."

"ನೀವು ಮಟನ್ ತಿಂದೇ ಇಲ್ವಲ್ಲ ಚಿಕ್ಕಮಾವ."

"ಪಕ್ಕದಲ್ಲೇ ಕೂತಿದ್ನಲ್ಲ! ಆವಿ ಕುಡಿದಿಲ್ವಾ?"

ಒಂದು ಬಿರಿಯಾನಿ ತಟ್ಟೆಯ ಆವಿಯಿಂದ ಮನುಷ್ಯನಿಗೆ ಭೇದಿಯಾಗುತ್ತದೆ ಎಂದು ನಂಬುವವರಿದ್ದಾರೆ ಎನ್ನುವುದು ಹಾಗಿರಲಿ, ಆ ಮಾತಿನೊಳಗಿದ್ದ ಸುಳಿವು ಹೊಳೆಯದ ನನ್ನ ಬುದ್ಧಿಗೆ ಏನು ಹೇಳಲಿ! ಬಿರಿಯಾನಿ ಮುಟ್ಟದವರು ಮಲಗಿದ್ದರು, ಎರಡು ತಟ್ಟೆ ತಿಂದ ಅತ್ತೆ ಹಿತ್ತಲಿನಲ್ಲಿ ಬಟ್ಟೆ ಒಣಗಿಸುತ್ತಿದ್ದರು. ವೈರಸ್ಸು ಓದುವವಳಿಗೆ ಇಷ್ಟು ಸಾಕಾಗಬೇಕಿತ್ತು.

ನಮ್ಮವರ ಬಾಯಲ್ಲಿ ಸುದ್ದಿ ಹೇಗೆ ಬೆಳೆಯುತ್ತದೆ ಎಂದು ಆ ವಾರ ನೋಡಬೇಕಿತ್ತು. ಹಲಸೂರಿನಲ್ಲಿ "ಇಬ್ಬರಿಗೆ ವಾಂತಿ" ಎಂದು ಹುಟ್ಟಿದ್ದು ಇಂದಿರಾನಗರ ದಾಟುವಾಗ "ಇಬ್ಬರಿಗೆ ಗ್ಲೂಕೋಸ್ ಹತ್ತಿಸಿದಾರೆ" ಆಯಿತು. ಸಿ.ವಿ. ರಾಮನ್ ನಗರದಲ್ಲಿ ಅಡ್ಮಿಟ್ ಆದರು. ಕೆ.ಆರ್. ಪುರಂ ಮುಟ್ಟುವಷ್ಟರಲ್ಲಿ ಒಬ್ಬರು ಐಸಿಯುನಲ್ಲಿದ್ದರು. ಅದೇ ಹೊತ್ತಿಗೆ ಯಾರದೋ ಮದುವೆಯಲ್ಲಿ ಸಾಂಬಾರಿಗೆ ಹಲ್ಲಿ ಬಿದ್ದ ಇನ್ನೊಂದು ಸುದ್ದಿಯೂ ಓಡಾಡುತ್ತಿತ್ತು. ನಮ್ಮ ನಾದಿನಿ ಒಂದೇ ಮಧ್ಯಾಹ್ನ ಎರಡನ್ನೂ ಕೇಳಿಸಿಕೊಂಡಳು. ಸಂಜೆ ಅವಳ ಬಾಯಿಂದ ಹೊರಗೆ ಬಂದದ್ದು: ಖಾಲಾ ಬಿರಿಯಾನಿಯಲ್ಲಿ ಹಲ್ಲಿ.

ತಮಾಷೆಗೆ ಹೇಳುತ್ತಿಲ್ಲ, ನಮ್ಮ ವೈರಸ್ಸುಗಳು ಬದುಕುವುದೂ ಹೀಗೆಯೇ. ಒಂದರಿಂದ ಇನ್ನೊಂದು ನಕಲಾಗುವಾಗ ಅಕ್ಷರ ತಪ್ಪುತ್ತದೆ, ತಿದ್ದುವವರು ಯಾರೂ ಇಲ್ಲ, ಆ ತಪ್ಪೇ ಮುಂದಿನವರಿಗೆ ಮೂಲಪ್ರತಿಯಾಗುತ್ತದೆ. ಇನ್ನು ಎರಡು ತಳಿಗಳು ಒಂದೇ ಹೊಟ್ಟೆಯಲ್ಲಿ ಭೇಟಿಯಾದರಂತೂ ಮುಗಿಯಿತು. ಒಂದರ ತಲೆ, ಇನ್ನೊಂದರ ಬಾಲ ಸೇರಿ ಮೂರನೆಯದು ಹುಟ್ಟುತ್ತದೆ. ನಾದಿನಿಯ ಹೊಟ್ಟೆಯಲ್ಲಿ ಹುಟ್ಟಿದ್ದಕ್ಕೆ ಹಲ್ಲಿಯ ಬಾಲವಿತ್ತು, ಅಷ್ಟೇ ವ್ಯತ್ಯಾಸ.

ಆ ಬಾಲವಿದ್ದ ಸುದ್ದಿ ಬೆನ್ಸನ್ ಟೌನ್ ಮುಟ್ಟಿತು. ಅಲ್ಲಿ ಎರಡು ವಾರ ಬಿಟ್ಟು ಒಂದು ಮದುವೆ. ಅಡುಗೆ ಖಾಲಾದು. ಹೆಣ್ಣಿನ ಕಡೆಯವರು ಬೇರೆಯವರನ್ನು ನೋಡುವ ಮಾತಾಡುತ್ತಿದ್ದಾರೆ, ಮುಂದಿನ ಶುಕ್ರವಾರ ತೀರ್ಮಾನವಂತೆ ಎಂದು ಅತ್ತೆ ಹೇಳಿದರು. "ಹೆಸರು ಒಂದ್ಸಲ ಕೆಟ್ರೆ ಆಯ್ತು ಕಣೇ. ಅವಳನ್ನ ಇನ್ಯಾರು ಕರೀತಾರೆ? ನೀನು ಅದೇನೋ ಮರ ಬರೀತೀಯಲ್ಲ, ಬರಿ. ಯಾರ ತಪ್ಪು ಅಂತ ಗೊತ್ತಾಗ್ಲಿ."

ಲ್ಯಾಬಿನಲ್ಲಿ ನಮ್ಮ ಮೇಡಂಗೆ ವಿಷಯ ಹೇಳಿದೆ. ಅವರು ಚಹಾದ ಕಪ್ಪು ಕೆಳಗಿಟ್ಟು, ಕಣ್ಣರಳಿಸಿ, "ಔಟ್‌ಬ್ರೇಕಾ? ಫ್ರೆಶ್ಶಾ?" ಎಂದರು. ಮೀನು ಮಾರುಕಟ್ಟೆಯಲ್ಲಿ ಕೇಳುವ ಹಾಗೇ ಕೇಳಿದರು. ಒಪ್ಪಿಗೆ ಪತ್ರಗಳನ್ನು ಕೊಟ್ಟು ಕಟ್ಟುನಿಟ್ಟು ಮಾಡಿದರು: "ಕಾಯಿಲೆ ಬಿದ್ದೋರು, ಬೀಳ್ದೇ ಇರೋರು, ಅಡುಗೆ ಮಾಡ್ದೋರು, ಎಲ್ಲರ್ದೂ ಬೇಕು. ನಿಮ್ದೂ ಕೊಡಿ. ಹೆಸರು ಬೇಡ, ನಂಬರ್ ನಾನು ಹಾಕ್ತೀನಿ."

"ನನ್ದು ಯಾಕೆ ಮೇಡಂ? ನನಗೇನೂ ಆಗಿಲ್ವಲ್ಲ?"

"ಎಲ್ಲರ್ದೂ ಅಂದ್ರೆ ಎಲ್ಲರ್ದೂ ಕಣ್ರೀ."

ನೆಂಟರ ಹತ್ತಿರ ಎಲ್ಲವನ್ನೂ ಕೇಳಬಹುದು, ಇದನ್ನೊಂದು ಬಿಟ್ಟು. ಮೈದುನ ಬಾಗಿಲ ಹಿಂದಿನಿಂದ ಕೈ ಚಾಚಿ ಬಾಟಲಿ ಕೊಟ್ಟು, ಮುಖ ತೋರಿಸದೆ ಬಾಗಿಲು ಹಾಕಿಕೊಂಡ. ಚಿಕ್ಕಮಾವ ಒಪ್ಪಿಗೆ ಪತ್ರವನ್ನು ಆಸ್ತಿ ಪತ್ರದ ಹಾಗೆ ಎರಡು ಸಲ ಓದಿ, "ಇದನ್ನ ಯಾರಿಗೂ ತೋರ್ಸಲ್ಲ ತಾನೇ?" ಎಂದು ಕೇಳಿ, ನಾನು ಕೊಟ್ಟಿದ್ದ ಬಾಟಲಿಯನ್ನು ಅವರ ಬೀದಿಯ ಬೇಕರಿಯ ಕವರಿನಲ್ಲಿ ಅಚ್ಚುಕಟ್ಟಾಗಿ ಸುತ್ತಿ ಕೊಟ್ಟರು. ಅದನ್ನೆಲ್ಲ ಸರಿಯಾಗಿ ಪ್ಯಾಕ್ ಮಾಡಿ ಐಸ್ ಡಬ್ಬಿಯೊಳಗಿಟ್ಟು ಆಟೋ ಹತ್ತಿದೆ. ಆ ಬೇಕರಿ ಕವರು ಮಾತ್ರ ಡಬ್ಬಿಯ ಮೇಲೆ ಉಳಿದಿತ್ತು.

ಆಟೋದವನು ಕನ್ನಡಿಯಲ್ಲಿ ನೋಡಿ, "ಏನ್ ಮೇಡಂ, ಬರ್ತ್‌ಡೇನಾ? ಕೇಕಾ?" ಎಂದ.

"ಅಲ್ಲಪ್ಪಾ. ಮನೇಲಿ ಮಾಡಿದ್ದು."

"ಸೂಪರ್ ಮೇಡಂ. ಹೊರಗಿಂದು ತಿನ್ನಲೇಬಾರ್ದು," ಎಂದು ಹಂಪ್ ಬಂದಲ್ಲೆಲ್ಲ ನಿಧಾನ ಮಾಡಿ ಜೋಪಾನವಾಗಿ ಕರೆದುಕೊಂಡು ಹೋದ.

ಕೊನೆಗೆ ಶಿವಾಜಿನಗರ. ಖಾಲಾ ಮನೆಯ ಅಡುಗೆಕೋಣೆಯಲ್ಲಿ ಫಿನಾಯಿಲಿನ ವಾಸನೆ ಹೊಡೆಯುತ್ತಿತ್ತು. ಯಾವಾಗ ಹೋದರೂ ಏಲಕ್ಕಿ, ಪುದೀನದ ವಾಸನೆ ಬರುತ್ತಿದ್ದ ಮನೆ ಅದು. ಖಾಲಾ ಮನೆಮಂದಿಗೆ ಚಿಕ್ಕ ಪಾತ್ರೆಯಲ್ಲಿ ಏನೋ ಬೇಯಿಸುತ್ತಿದ್ದರು. ಕೈಯಲ್ಲಿ ಒಂದು ಪ್ಲಾಸ್ಟಿಕ್ ಚಮಚ. ಔಷಧಿ ಬಾಟಲಿಯ ಜೊತೆ ಬರುತ್ತದಲ್ಲ, ಅಂಥದ್ದು. ಅದರಲ್ಲಿ ಉಪ್ಪು ತುಂಬಿ, ಗೆರೆ ನೋಡಿ, ಹಾಕಿ, ರುಚಿ ನೋಡಿ, ಮತ್ತೆ ಅರ್ಧ ಹಾಕಿದರು. ಅವರು ರುಚಿ ನೋಡಿದ್ದನ್ನು ನಾನು ಕಂಡದ್ದು ಅದೇ ಮೊದಲು.

"ಏನ್ ಖಾಲಾ ಇದು, ಚಮಚ?"

ಅವರು ಕೈ ಚಾಚಿ ತೋರಿಸಿದರು. ಅಂಗೈ ಬಿಳಿಚಿಕೊಂಡು ಬೆರಳ ಸಂದಿಗಳಲ್ಲಿ ಸೀಳು ಬಿಟ್ಟಿತ್ತು. ದಿನವಿಡೀ ಬಿಸಿನೀರು, ಸೋಪು, ಮತ್ತೆ ಸೋಪು. "ಕೈ ಮೇಲೆ ಭರೋಸಾ ಹೋಯ್ತು ಬೇಟಿ. ಇಷ್ಟು ವರ್ಷ ಈ ಕೈಯಲ್ಲೇ ಜನಕ್ಕೆ ಹಾಕಿದೆ. ಸಣ್ಣ ಮಗು ಕಿವಿ ಚುಚ್ಚಿದ ದಿನ ಎಲ್ಲರ್ನೂ ಮಲಗಿಸ್ಬಿಟ್ಟೆ. ನೀನು ಹುಳ ನೋಡೋಳು. ಸೀದಾ ಹೇಳು, ನನ್ನ ಕೈ ಕೆಟ್ಟಿದ್ಯಾ?"

"ಮರ ಬರ್ಲಿ ಖಾಲಾ, ಹೇಳ್ತೀನಿ," ಎಂದೆ. ಜೊತೆಗೆ ಸುಮ್ಮನಿರಲಾರದೆ ಉಪದೇಶವನ್ನೂ ಕೊಟ್ಟೆ: ಈ ವೈರಸ್ಸಿಗೆ ಸ್ಯಾನಿಟೈಸರ್ ಸಾಲದು, ಸೋಪು ನೀರೇ ಬೇಕು, ಕಾಯಿಲೆ ವಾಸಿಯಾದ ಮೇಲೂ ಎಷ್ಟೋ ದಿನ ಮೈಯಿಂದ ಹೊರಗೆ ಬರುತ್ತಲೇ ಇರುತ್ತದೆ, ಹಾಗಾಗಿ ವಾಸಿಯಾದ ತಕ್ಷಣ ಅಡುಗೆಗೆ ಇಳಿಯಬಾರದು. ಖಾಲಾ ಒಂದೊಂದು ಮಾತಿಗೂ ತಲೆಯಾಡಿಸಿದರು. ಇದನ್ನೇ ದೊಡ್ಡ ಅಕ್ಷರದಲ್ಲಿ ಬರೆದು ಲ್ಯಾಬಿನ ಗೋಡೆಗೂ ನಮ್ಮ ಮನೆಯ ಸಿಂಕಿನ ಮೇಲೂ ಅಂಟಿಸಿದ್ದೇನೆ.

ಮುಂದಿನ ವಾರದ ಬುಧವಾರ ಮರ ಬಂತು. ಮೇಡಂ ಸ್ಕ್ರೀನಿನ ಮುಂದೆ ಕೂತು ಹಾಡೊಂದನ್ನು ಗುನುಗುತ್ತಿದ್ದರು. "ನೋಡ್ರೀ, ನೋರೋ ವೈರಸ್. ಎಷ್ಟು ಚೆನ್ನಾಗಿದೆ! ಒಂದು ತುದಿ ಒಂದು ತಳಿದು, ಇನ್ನೊಂದು ತುದಿ ಬೇರೆ ತಳಿದು. ಕಲಬೆರಕೆ. ಈ ಕಡೆ ಮಕ್ಕಳಲ್ಲಿ ಸಿಕ್ತಲ್ಲ, ಅದರ ನೆಂಟ." ನಮ್ಮ ನೆಂಟರೆಲ್ಲ ಒಂದೇ ಕೊಂಬೆಯ ಮೇಲೆ ಸಾಲಾಗಿ ಕೂತಿದ್ದರು, ಒಂದೋ ಎರಡೋ ಅಕ್ಷರದ ವ್ಯತ್ಯಾಸದಲ್ಲಿ. ಮದುವೆ ಫೋಟೋದಲ್ಲೂ ಅವರು ಅಷ್ಟು ಹತ್ತಿರ ನಿಂತವರಲ್ಲ.

"ಈ ಏಳನೇ ನಂಬರ್ ನೋಡಿ," ಎಂದರು ಮೇಡಂ. "ಫಂಕ್ಷನ್ ಆದ್ಮೇಲೆ ಏನೂ ಆಗಿಲ್ಲ ಅಂತ ಬರ್ದಿದಾರೆ. ಆದ್ರೆ ವೈರಸ್ ಇದೆ, ಅದೇ ವೈರಸ್."

"ಅಡುಗೆಯವರ್ದೇ ಇರ್ಬೇಕು ಮೇಡಂ." ಖಾಲಾಗೆ ಹೇಗೆ ಹೇಳಲಿ?

"ಅಡುಗೆಯವರು ಮೂರೂ ಜನ ನೆಗೆಟಿವ್." ಮೇಡಂ ಡ್ರಾಯರಿನಿಂದ ಹೆಸರಿನ ಪಟ್ಟಿ ತೆಗೆದು ಬೆರಳಿಟ್ಟು ನೋಡಿದರು. ಆಮೇಲೆ ಕನ್ನಡಕ ಕೆಳಗಿಳಿಸಿ ನನ್ನನ್ನು ನೋಡಿದರು. "ಏಳು ನೀವೇ ಕಣ್ರೀ."

"ಛೇ, ಇಲ್ಲ ಮೇಡಂ."

"ಫಂಕ್ಷನ್‌ಗೆ ಮುಂಚೆ ಏನಾದ್ರೂ ವಾಂತಿ, ಭೇದಿ?"

"ಏನಿಲ್ಲ ಮೇಡಂ, ಗುರುವಾರ ಒಂದಿನ… ಬರೀ ಗ್ಯಾಸ್ಟ್ರಿಕ್ಕು."

ಆ ಮಾತು ನನ್ನ ಬಾಯಿಂದಲೇ ಬಂತು. ಮೇಡಂ ಗೋಡೆಯ ಮೇಲೆ ನಾನೇ ಅಂಟಿಸಿದ್ದ ಪೋಸ್ಟರಿನ ಕಡೆಗೆ ಒಮ್ಮೆ ನೋಡಿ, "ಏನ್ ಹೆಚ್ಚಿದ್ರಿ?" ಎಂದರು.

"ಮೊಸರುಬಜ್ಜಿ."

"ಸೋಪಲ್ಲಿ ಕೈ ತೊಳ್ಕೊಂಡ್ರಾ?"

ನಲ್ಲಿಯ ಹತ್ತಿರ ಜನವಿತ್ತು. ಬಾಗಿಲಲ್ಲಿ ನೆಂಟರಿಗೆ ಹಾಕುತ್ತಿದ್ದ ಸ್ಯಾನಿಟೈಸರನ್ನೇ ನಾನೂ ಹಚ್ಚಿಕೊಂಡು ಈರುಳ್ಳಿಗೆ ಕೂತಿದ್ದೆ. ಚಿಕ್ಕಮಾವನ ಮೂರು ಸೌಟು, ಅತ್ತೆಯ ಶೀತ, ಎಲ್ಲ ಒಟ್ಟಿಗೆ ನೆನಪಾಗಿ ಕಿವಿ ಬಿಸಿಯಾಯಿತು. "ನಾನೂ ಬಿರಿಯಾನಿ ತಿಂದೆ ಮೇಡಂ, ಆಮೇಲೆ ಅಂಟಿರ್ಬೋದಲ್ವಾ?" ಎಂದು ಕೊನೆಯ ಪ್ರಯತ್ನ ಮಾಡಿದೆ. "ಆ ಗುರುವಾರ ವಾಂತಿ ಮಾಡ್ಕೊಂಡೋರು ಯಾರ್ರೀ?" ಎಂದರು ಮೇಡಂ.

ಈಗ ನಾನು ಮಾಡಿದ ಹೇಡಿ ಕೆಲಸ ಹೇಳಬೇಕು. ಖಾಲಾಗೆ ಫೋನ್ ಮಾಡಿ ಅರ್ಧ ಸತ್ಯ ಹೇಳಿದೆ. "ನಿಮ್ದು ಕ್ಲೀನ್ ಖಾಲಾ. ನಿಮ್ಮಿಂದ ಅಲ್ಲ."

"ಮತ್ತೆ ಯಾರಿಂದ ಬೇಟಿ?"

"ಅದು… ವೈರಸ್ಸು ಖಾಲಾ. ಎಲ್ಲಿಂದಾದ್ರೂ ಬರುತ್ತೆ. ಗೊತ್ತಾಗಲ್ಲ."

"ನನಗೆ ಬೇಜಾರಾಗ್ಬಾರ್ದು ಅಂತ ಹೇಳ್ತಿದೀಯ. ಗೊತ್ತಾಯ್ತು. ಖುಷ್ ರಹೋ," ಎಂದು ಇಟ್ಟುಬಿಟ್ಟರು. ಬೆನ್ಸನ್ ಟೌನಿನವರೂ ಅದನ್ನೇ ಅಂದರಂತೆ: ಪರೀಕ್ಷೆ ಮಾಡಿದವಳು ಖಾಲಾಗೆ ಬೇಕಾದವಳೇ ಅಲ್ಲವಾ, ಮುಚ್ಚಿಹಾಕುತ್ತಾಳೆ. ಗುರುವಾರ ಬೆಳಿಗ್ಗೆ ಅತ್ತೆ ಹುರುಳಿಕಾಯಿ ಸೋಸುತ್ತಾ, "ದೇಗ್‌ನೆಲ್ಲ ಕಟ್ಟಿ ಅಟ್ಟಕ್ಕೆ ಹಾಕಿಸ್ತಾಳಂತೆ. ಇನ್ನು ಅಡುಗೆಗೆ ಹೋಗಲ್ವಂತೆ. ಹೆರಿಗೆ ಮಂಚದ ಮೇಲೂ ನನ್ನನ್ನ ನಗಿಸಿದೋಳು ಕಣೇ, ನಿನ್ನೆ ಫೋನಲ್ಲಿ ಅತ್ತಳು," ಎಂದರು.

ನನಗೆ ನಾಚಿಕೆಯಾಯಿತು. ಬರೀ ನಾಚಿಕೆಯಲ್ಲ, ನನ್ನ ಮೇಲೇ ಅಸಹ್ಯವಾಯಿತು. "ಅತ್ತೆ, ಅದು ನಾನು," ಎಂದೆ.

"ಏನು ನೀನು?"

"ಮೊಸರುಬಜ್ಜಿ. ನನಗೆ ಮುಂಚೆನೇ ಬಂದಿತ್ತು. ನನ್ನ ಕೈಯಿಂದ ಹೋಗಿದ್ದು."

ಅತ್ತೆ ನನ್ನನ್ನು ನೋಡಿದರು. ಸಿಂಕಿನ ಮೇಲಿನ ಪೋಸ್ಟರನ್ನು ನೋಡಿದರು. ಮತ್ತೆ ನನ್ನನ್ನು ನೋಡಿದರು. "ಅಯ್ಯೋ ನಿನ್ನ! ನನ್ನ ತಲೆ ತಿಂದು ತಿಂದು ಅದನ್ನ ಅಂಟಿಸಿದ್ಯಲ್ಲೇ!" ಎಂದು ಬೈದು, ಬೈಯುತ್ತಲೇ ನಗು ಬಂದು, ಹುರುಳಿಕಾಯಿ ಮೊರ ಪಕ್ಕಕ್ಕಿಟ್ಟು ಕಣ್ಣೊರೆಸಿಕೊಂಡರು. ಆಮೇಲೆ ಫೋನ್ ತಂದು ನನ್ನ ಕೈಗೆ ಕೊಟ್ಟರು. "ಗ್ರೂಪಿಗೆ ಹಾಕು. ಈಗ್ಲೇ. ನಾನು ನೋಡ್ಬೇಕು."

ನಮ್ಮ ಫ್ಯಾಮಿಲಿ ಗ್ರೂಪಿಗೆ ಬರೆದೆ: "ಕಿವಿ ಚುಚ್ಚಿದ ದಿನ ಎಲ್ಲರ ಹೊಟ್ಟೆ ಕೆಟ್ಟಿದ್ದು ಬಿರಿಯಾನಿಯಿಂದ ಅಲ್ಲ. ನಾನು ಮಾಡಿದ ಮೊಸರುಬಜ್ಜಿಯಿಂದ. ಅದಕ್ಕೂ ಮುಂಚೆ ನನಗೆ ವಾಂತಿಭೇದಿ ಆಗಿತ್ತು, ಗ್ಯಾಸ್ಟ್ರಿಕ್ ಅಂದುಕೊಂಡು ಸೋಪು ಹಾಕದೆ ಈರುಳ್ಳಿ ಹೆಚ್ಚಿದೆ. ಖಾಲಾ ಮತ್ತು ಅವರ ಸೊಸೆಯರಲ್ಲಿ ವೈರಸ್ ಇರಲಿಲ್ಲ. ಹಲ್ಲಿಯೂ ಇರಲಿಲ್ಲ. ಕ್ಷಮಿಸಿ."

ಮೊದಲು ದೂರದ ಒಬ್ಬ ಅತ್ತಿಗೆ "ಹ್ಯಾಪಿ ಬರ್ತ್‌ಡೇ" ಎಂದು ಹಾಕಿ ಅಳಿಸಿದಳು. ನಾದಿನಿ ಕೈ ಮುಗಿದ ಚಿತ್ರ ಕಳಿಸಿದಳು, ಯಾಕೆಂದು ಇವತ್ತಿಗೂ ಗೊತ್ತಿಲ್ಲ. ಚಿಕ್ಕಮಾವ ಬರೆದರು: "ನಾನು ಆಗಲೇ ಹೇಳಿದ್ದೆ, ಬಿರಿಯಾನಿ ಅಲ್ಲ ಅಂತ." ಈ ಸುದ್ದಿಯೂ ಮಧ್ಯಾಹ್ನದೊಳಗೆ ಬೆನ್ಸನ್ ಟೌನ್ ತಲುಪಿತು. ಅಲ್ಲಿಗೆ ಹೋಗುವ ದಾರಿಯಲ್ಲಿ ನನಗೆ ಟೈಫಾಯಿಡ್ ಆಗಿ, ಕೆಲಸ ಹೋಗಿತ್ತು. ಪರವಾಗಿಲ್ಲ. ಶುಕ್ರವಾರ ಅವರು ಖಾಲಾಗೇ ಫೋನ್ ಮಾಡಿದರು.

ಮದುವೆಯ ದಿನ ಬೆಳಿಗ್ಗೆ ಖಾಲಾ ನನ್ನನ್ನು ಕರೆಸಿಕೊಂಡರು. ಬೈಯುತ್ತಾರೆ ಎಂದುಕೊಂಡೇ ಹೋದೆ. ಕಾಂಪೌಂಡಿನ ಹಿಂದೆ ದೇಗ್‌ಗಳು ಒಲೆಯ ಮೇಲಿದ್ದವು, ಎಸರು ಕುದಿಯುತ್ತಿತ್ತು, ಖಾಲಾ ಅದೇ ಪ್ಲಾಸ್ಟಿಕ್ ಚಮಚ ಹಿಡಿದು ನಿಂತಿದ್ದರು. ಅಷ್ಟು ದೊಡ್ಡ ಪಾತ್ರೆಯ ಮುಂದೆ ಅದು ಆಟದ ಸಾಮಾನಿನ ಹಾಗೆ ಕಾಣುತ್ತಿತ್ತು.

"ಖಾಲಾ, ಅವತ್ತು ಫೋನಲ್ಲಿ ನಾನು ಸುಳ್ಳು ಹೇಳ್ದೆ. ಗೊತ್ತಿದ್ದೂ ಹೇಳ್ಲಿಲ್ಲ. ತಪ್ಪಾಯ್ತು."

"ಹೌ, ತಪ್ಪೇ," ಎಂದರು. "ಅಷ್ಟು ದಿನ ಈ ಕೈ ನೋಡಿದ್ರೆ ನನಗೇ ಭಯ ಆಗ್ತಿತ್ತು. ಅದು ನಿನಗೆ ಗೊತ್ತಾಗ್ಬೇಕು." ಸೀಳು ಬಿಟ್ಟ ಅಂಗೈಯನ್ನು ನನ್ನ ಮುಖದ ಮುಂದೆ ಹಿಡಿದರು. ನಾನು ತಲೆ ತಗ್ಗಿಸಿದೆ. ಆಗ ಆ ಚಮಚವನ್ನು ನನ್ನ ಕೈಗೆ ತುರುಕಿದರು.

"ಇದು ನೀನು ಇಟ್ಕೋ. ಚಮಚ ಬೇಕಾಗಿದ್ದು ನಿನ್ನ ಕೈಗೆ."

ಸೊಸೆಯರು ಸೆರಗು ಬಾಯಿಗೆ ಒತ್ತಿಕೊಂಡು ನಕ್ಕರು. ಖಾಲಾ ಉಪ್ಪಿನ ಡಬ್ಬಿಗೆ ಕೈ ಹಾಕಿದರು. ಉಪ್ಪು ಸೀಳಿಗೆ ತಾಗಿ ಉರಿದಿರಬೇಕು, ಹಲ್ಲು ಕಚ್ಚಿ "ಸ್ಸ್" ಎಂದರು, ಆದರೂ ಕೈ ತೆಗೆಯಲಿಲ್ಲ. ಅಂಗೈ ತುಂಬ ತೆಗೆದು, ಬೆರಳಲ್ಲಿ ಸ್ವಲ್ಪ ಉದುರಿಸಿ, ಮಿಕ್ಕಿದ್ದನ್ನು ಎಸರಿಗೆ ಬೀಸಿ ಹಾಕಿದರು. ರುಚಿ ನೋಡಲಿಲ್ಲ.